ತಪ್ಪು ಟ್ರಂಕಿನದಲ್ಲ

ಗಿರಿಜವ್ವ, ನಿನ್ನ ವೀಸಾ ಅರ್ಜಿ ತಿರುಗಿ ಬಂದದ್ದು ನಿನ್ನ ಕಾಗದಪತ್ರ ಹೊಳೆಯ ನೀರಿನಲ್ಲಿ ತೊಯ್ದಿದ್ದಕ್ಕಲ್ಲ. ನಾನು ಹಳೆಯ ಫಾರ್ಮು ತುಂಬಿ ಕಳಿಸಿದ್ದಕ್ಕೆ. ಇಷ್ಟು ಹೇಳಲು ನನಗೆ ನಾಲ್ಕು ವರ್ಷ ಬೇಕಾದವು — ಈಗಲೂ ಹೇಳಿದ್ದೇನೆ ಅನ್ನಲಾರೆ. ಬರೆದಿದ್ದೇನೆ ಅಷ್ಟೇ. ಹೇಳುವುದು ಇನ್ನೂ ಬಾಕಿ ಇದೆ.

ಅಂಗಡಿಯ ಶಟರ್ ಅರ್ಧ ಎಳೆದು ಕೂತು ಬರೆಯುತ್ತಿದ್ದೇನೆ. ಮಧ್ಯಾಹ್ನ. ಎದುರಿನ ತಾಲೂಕು ಕಚೇರಿಯವರು ಊಟಕ್ಕೆ ಎದ್ದು ಹೋಗಿದ್ದಾರೆ. ಆಗಾಗ ಯಾರೋ ಬಗ್ಗಿ ಒಳಗೆ ಇಣುಕಿ, "ಅಕ್ಕಾರ, ಝೆರಾಕ್ಸ್ ಚಾಲೂ ಐತೇನ್ರಿ?" ಎಂದು ಕೇಳುತ್ತಾರೆ. ಪ್ರತಿ ಸಲವೂ ಈ ಹಾಳೆಯ ಮೇಲೆ ಕೈ ಅಡ್ಡ ಇಡುತ್ತೇನೆ, ಕಳವು ಮಾಡುವಾಗ ಸಿಕ್ಕಿಬಿದ್ದವಳಂತೆ. ನಾಳೆ ಎಲ್ಲರಿಗೂ ಗೊತ್ತಾಗಲಿರುವ ವಿಷಯವನ್ನು ಇವತ್ತು ಯಾರಿಂದ ಮುಚ್ಚಿಡುತ್ತಿದ್ದೇನೋ, ನನಗೇ ತಿಳಿಯದು.

ನಿನಗೆ ಓದಲು ಬರುವುದಿಲ್ಲ. ಇದನ್ನು ಯಾರಾದರೂ ಓದಿ ಹೇಳಬೇಕು. ಆ ಯಾರಾದರೂ ಯಾರು ಎಂಬುದು ಬರೆಯಲು ಕೂತಾಗಿನಿಂದ ನನಗೆ ಗೊತ್ತಿದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಆದದ್ದನ್ನು ಆದ ಕ್ರಮದಲ್ಲಿ ಬರೆಯುತ್ತೇನೆ, ಇಲ್ಲದಿದ್ದರೆ ನಾನು ಮತ್ತೆ ಎಲ್ಲಾದರೂ ನುಣುಚಿಕೊಳ್ಳುತ್ತೇನೆ. ನನ್ನ ಬಗ್ಗೆ ನನಗಿರುವ ನಂಬಿಕೆ ಈಗ ಅಷ್ಟೇ.

ರೋಣದ ಈ ಅಂಗಡಿ ಸುತ್ತಲಿನ ಹಳ್ಳಿಯವರಿಗೆಲ್ಲ ಗೊತ್ತು. ಸವಡಿಯವರು, ಸೂಡಿಯವರು, ನರಗುಂದದ ಕಡೆಯಿಂದ ಎರಡು ಬಸ್ಸು ಬದಲಿಸಿ ಬರುವವರು — ಅರ್ಜಿ ಎಂದರೆ ಶಾಂತಕ್ಕಾರ ಅಂಗಡಿ. "ಅಕ್ಕಾರ ಬರದ ಅರ್ಜಿ ತಿರುಗಿ ಬರಂಗಿಲ್ಲ" ಎಂದು ಒಬ್ಬರಿಗೊಬ್ಬರು ಹೇಳಿ ಕಳಿಸುತ್ತಾರೆ. ಆ ಮಾತು ಕೇಳಿ ಕೇಳಿ ಅದನ್ನು ಎಲ್ಲರಿಗಿಂತ ಹೆಚ್ಚಾಗಿ ನಂಬಿದವಳು ನಾನೇ. ನನಗೆ ಶಾಂತಾ ಎಂದು ಹೆಸರಿಟ್ಟವರು ನನ್ನ ನಾಲಿಗೆ ಬಲಿಯುವುದನ್ನು ನೋಡಲಿಲ್ಲ. ಹೆಬ್ಬೆಟ್ಟು ಓರೆ ಒತ್ತಿದವರಿಗೆ, ಫೋಟೋ ಮರೆತು ಬಂದವರಿಗೆ, ಹೆಂಡತಿಯ ವಯಸ್ಸು ಕೇಳಿದರೆ ತಲೆ ಕೆರೆದುಕೊಳ್ಳುವವರಿಗೆ ನಾನು ಬೈದ ಬೈಗುಳ ಎದುರಿನ ಕಚೇರಿಯ ಸಾಹೇಬರಿಗೂ ಕೇಳುತ್ತಿತ್ತು. ಜನ ನಗುತ್ತಿದ್ದರು. ಬೈಯುವವಳಿಗೆ ಕೆಲಸ ಗೊತ್ತಿರುತ್ತದೆ ಎಂದು ನಮ್ಮ ಕಡೆಯವರ ಲೆಕ್ಕ.

ನನ್ನ ಕೆಲಸದ ರೀತಿ ನಿನಗೂ ಗೊತ್ತು. ಗೋಡೆಯ ಮೊಳೆಗೆ ತೂಗುಹಾಕಿದ ಆ ದಪ್ಪ ಫೈಲು. ಆದಾಯ, ಜಾತಿ, ಹೊಲದ ಉತಾರ, ವೃದ್ಧಾಪ್ಯ ವೇತನ — ಪ್ರತಿಯೊಂದರದೂ ಒಂದು ಖಾಲಿ ಫಾರ್ಮು ಅದರಲ್ಲಿ. ಮಾಸ್ಟರ್ ಕಾಪಿ ಅನ್ನುತ್ತೇವೆ. ಯಾರೇ ಬಂದರೂ ಅದನ್ನು ತೆಗೆದು ಒಂದು ಝೆರಾಕ್ಸ್ ಹೊಡೆದು ತುಂಬುವುದು. ಮಾಸ್ಟರ್ ಕಾಪಿ ಹರಿದರೆ ಝೆರಾಕ್ಸಿನದೇ ಝೆರಾಕ್ಸ್ ತೆಗೆದು ಅದನ್ನು ಮಾಸ್ಟರ್ ಮಾಡುವುದು. ಇಲ್ಲಿನ ಫಾರ್ಮುಗಳ ಮುಖ ವರ್ಷಗಟ್ಟಲೆ ಬದಲಾಗುವುದಿಲ್ಲ. ಬದಲಾದರೂ ಗುಮಾಸ್ತರು, "ಅಕ್ಕಾರ, ಹೊಸಾದು ಬಂದೈತ್ರಿ, ಮುಂದಿನ ಸಲ ಅದನ್ನ ಕೊಡ್ರಿ" ಎಂದು ಹಳೆಯದನ್ನೇ ತೆಗೆದುಕೊಳ್ಳುತ್ತಾರೆ. ಪರಿಚಯದವರು. ಹಳೇದು ಇದ್ದರೂ ನಡೆಯುತ್ತದೆ — ಇಷ್ಟು ವರ್ಷ ನಾನು ಕಲಿತ ದೊಡ್ಡ ಪಾಠ ಇದು. ದೂರದ ದೇಶದಲ್ಲಿ ಶಾಂತಕ್ಕ ಯಾರಿಗೂ ಪರಿಚಯವಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಆ ಫೈಲಿನಲ್ಲಿ ಒಂದು ವೀಸಾ ಫಾರ್ಮೂ ಇತ್ತು. ನೀನು ಬರುವುದಕ್ಕೆ ಮೂರು ವರ್ಷ ಮೊದಲು ಗಜೇಂದ್ರಗಡದ ನಿವೃತ್ತ ಮಾಸ್ತರರೊಬ್ಬರು ಅದೇ ದೇಶಕ್ಕೆ ತಮ್ಮನನ್ನು ನೋಡಲು ಹೋಗಿದ್ದರು. ಅವರೇ ಎಲ್ಲಿಂದಲೋ ತೆಗೆಸಿಕೊಂಡು ಬಂದ ಫಾರ್ಮು, ತುಂಬಿದವಳು ನಾನು. ವೀಸಾ ಬಂತು, ಹೋದರು, ಬರುವಾಗ ಒಂದು ಡಬ್ಬಿ ಚಾಕಲೇಟು ತಂದು ಕೊಟ್ಟರು. ಆ ಡಬ್ಬಿ ಇನ್ನೂ ಇದೆ, ಅದರಲ್ಲಿ ಗುಂಡುಪಿನ್ನು ಇಟ್ಟಿದ್ದೇನೆ. ಖಾಲಿ ಫಾರ್ಮಿನ ಒಂದು ಝೆರಾಕ್ಸ್ ತೆಗೆದು ಫೈಲಿಗೆ ಸೇರಿಸಿದ್ದೆ. ಅಂದಿನಿಂದ ನನಗೆ ಪರದೇಶವೂ ಗೊತ್ತು ಎಂಬ ಜಂಬ.

ನೀನು ಬಂದೆ. ಹೊಳೆಮಣ್ಣೂರಿನ ಬೆಳಗಿನ ಬಸ್ಸಿಗೆ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ನೀನು ಕೂಲಿಗೆ ಹೋಗುವವಳು, ನಿನ್ನ ಯಜಮಾನರು ಗೋವೆಯಲ್ಲಿ ಗಾರೆ ಕೆಲಸಕ್ಕೆ. ಮಗಳು ರೇಣುಕಾ ನರ್ಸಿಂಗ್ ಕಲಿತು ಆ ಚಳಿ ದೇಶದ ದವಾಖಾನೆಯಲ್ಲಿದ್ದಾಳೆ, ಅಳಿಯನೂ ಅಲ್ಲೇ, ಇಬ್ಬರದೂ ಪಾಳಿ ಕೆಲಸ. ಚೊಚ್ಚಲ ಬಸಿರು. ಏನೋ ತೊಂದರೆ ಕಂಡು, ವಿಮಾನ ಹತ್ತಬೇಡ ಎಂದು ಡಾಕ್ಟರು ಹೇಳಿದ್ದರು.

"ಚೊಚ್ಚಲ ಬಾಣಂತನ ತವರಮನೀದರಿ ಅಕ್ಕಾರ," ಎಂದೆ ನೀನು. "ಆಕಿ ತವರಿಗೆ ಬರಾಕ ಆಗಂಗಿಲ್ಲ. ಅದಕ್ಕ ತವರ ಆಕಿ ಕಡೆ ಹೋಗಬೇಕು."

ಎಷ್ಟು ಸರಳವಾಗಿ ಹೇಳಿದೆ. ಪಕ್ಕದೂರಿಗೆ ಹೊರಟವಳ ಹಾಗೆ. ನಾನು ನಕ್ಕೆ. ನಿನ್ನ ಚೀಲದಲ್ಲಿ ಕಾಗದಗಳ ಜೊತೆ ಕೂಸಿಗೆ ಹೊದಿಸಲು ಅರ್ಧ ಹೊಲಿದ ಒಂದು ಸಣ್ಣ ಕೌದಿ ಇತ್ತು. ಸರದಿಗೆ ಕಾಯುತ್ತ ಕೂತಾಗ ಹೊಲಿಯಲೆಂದು ತಂದಿದ್ದೆ. ನಿನ್ನ ಅತ್ತೆ ಯಲ್ಲವ್ವನ ಹಳೆಯ ಇಳಕಲ್ ಸೀರೆಯ ತುಂಡುಗಳು. ಕೆಂಪು ಸೆರಗು ನಟ್ಟನಡುವೆ ಬರುವಂತೆ ಜೋಡಿಸಿದ್ದೆ.

ಕಾಗದಗಳನ್ನು ನೀನು ಒಂದೊಂದಾಗಿ ನನ್ನ ಟೇಬಲ್ಲಿನ ಮೇಲೆ ಇಟ್ಟೆ. ಪಾಸ್‌ಪೋರ್ಟು ಹೊಸದು, ಅದನ್ನು ಮಗಳು ಮೊದಲೇ ಮಾಡಿಸಿದ್ದಳು. ಉಳಿದವು ಹಳೆಯವು. ಮನೆಯ ಹಕ್ಕುಪತ್ರ, ರೇಣುಕಾಳ ಜನನ ಪತ್ರ — ಅಂಚೆಲ್ಲ ಕಂದು, ಶಾಯಿ ಹರಡಿ ತಾಯಿಯ ಹೆಸರಿನ ಕೊನೆಯ ಅಕ್ಷರಗಳು ಮಸುಕು. ಏನಾಯಿತು ಎಂದು ನಾನು ಕೇಳಿದೆ. ನೀನು ಹೊಳೆ ಬಂದ ವರ್ಷದ ಕತೆ ಹೇಳಿದೆ. ನಸುಕಿನಲ್ಲಿ ನೀರು ಅಂಗಳಕ್ಕೆ ಬಂತು. ಮನೆಯಲ್ಲಿ ನೀನು, ಮಂಡಿ ಹಿಡಿದು ಏಳಲಾಗದ ಅತ್ತೆ, ಮತ್ತು ಗೋಡೆಯ ಮಾಡದಲ್ಲಿ ಕಾಗದದ ಟ್ರಂಕು. ನೀನು ಅತ್ತೆಯನ್ನು ಬೆನ್ನಿಗೆ ಹಾಕಿಕೊಂಡು ಸೊಂಟದ ನೀರಿನಲ್ಲಿ ಶಾಲೆಯ ಕಟ್ಟೆಗೆ ಮುಟ್ಟಿಸಿದೆ. ಟ್ರಂಕಿಗೆಂದು ತಿರುಗಿದಾಗ ಓಣಿಯಲ್ಲಿ ನೀರು ಕೊರಳಿಗೆ ಬಂದಿತ್ತು. ಈ ಕಾಗದಗಳು ನೀರು ಇಳಿದ ಮೇಲೆ ಟ್ರಂಕಿನಲ್ಲಿ ಸಿಕ್ಕವು.

"ಅತ್ತಿ ಹಗರ ಅದಾಳ್ರಿ, ಟ್ರಂಕ ವಜ್ಜಿ," ಎಂದು ನಕ್ಕೆ. "ಹಗರಿದ್ದದ್ದನ್ನ ಮೊದಲ ಹೊತ್ಕೊಂಡೆ."

ನಾನೂ ನಕ್ಕೆ. ಎರಡು ಬಟ್ಟೆಗಳ ನಡುವೆ ಇಟ್ಟು ಆ ಕಾಗದಗಳಿಗೆ ಇಸ್ತ್ರಿ ಮಾಡಿದೆ, ಶಾಯಿ ದಪ್ಪ ಬರುವಂತೆ ಝೆರಾಕ್ಸ್ ತೆಗೆದೆ. ಅಕ್ಷರ ಚೆನ್ನಾಗಿ ಮೂಡಿದವು. ಅವತ್ತು ಆ ಕೆಲಸವನ್ನು ನಾನು ಮನಸಿಟ್ಟು ಮಾಡಿದ್ದೆ, ಗಿರಿಜವ್ವ. ಇದನ್ನು ಯಾಕೆ ಬರೆಯುತ್ತಿದ್ದೇನೆ... ಆ ಕಾಗದಗಳಲ್ಲಿ ಯಾವ ಕೊರತೆಯೂ ಇರಲಿಲ್ಲ ಎಂಬುದು ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು ಎಂದು ನಿನಗೆ ತಿಳಿಯಲಿ ಎಂದು.

ಆಮೇಲೆ ನಾನು ಫೈಲು ಇಳಿಸಿದೆ. ಆಗ ನೀನು ಸೆರಗಿನ ತುದಿಯಿಂದ ಮೊಬೈಲು ಒರೆಸಿ ನನ್ನ ಮುಂದೆ ಹಿಡಿದೆ.

"ಅಕ್ಕಾರ, ರೇಣುಕಾ ಏನೋ ಕಳಿಸ್ಯಾಳ್ರಿ. ಫಾರ್ಮ್ ಇದರಾಗಿಂದನ ತೆಗೀಬೇಕಂತ. ಸರಕಾರದ್ದ ಐತಂತ, ಹೊಸಾದು. ಬ್ಯಾರೆ ಕಡೀದು ನಡ್ಯಾಂಗಿಲ್ಲ ಅಂತ ಎರಡ ಸಲ ಹೇಳ್ಯಾಳ್ರಿ."

ಇದು ನನ್ನ ಕಿವಿಯಲ್ಲಿ ಇಂದಿಗೂ ಇದೆ, ಒಂದು ಶಬ್ದ ಆಚೀಚೆ ಇಲ್ಲದೆ. ಅವತ್ತು ಮುಂಜಾನೆಯಿಂದ ನೆಟ್ ಇರಲಿಲ್ಲ. ಒಂದು ತಾಸು ಕಾಯಬಹುದಿತ್ತು, ಮರುದಿನ ಬಾ ಎನ್ನಬಹುದಿತ್ತು, ಕಡೆಗೆ ಆ ಮೊಬೈಲನ್ನು ಕೈಗೆ ತೆಗೆದುಕೊಂಡು ನೋಡಬಹುದಿತ್ತು. ನಾನು ನೋಡಲಿಲ್ಲ. ಅಂಗಡಿ ತುಂಬ ಜನ ಇದ್ದರು. ಕೂಲಿಯವಳ ಮಗಳು, ನಿನ್ನೆ ಮೊನ್ನೆ ಪರದೇಶ ಕಂಡವಳು, ನನಗೆ ಫಾರ್ಮು ಯಾವುದು ಎಂದು ಹೇಳಿಕೊಡುವುದೇ — ಹೌದು, ಹೀಗೇ ಅನಿಸಿತು. ಚಂದ ಮಾಡಿ ಬರೆಯಲಾರೆ.

"ಇಡು ಒಳಗ," ಎಂದೆ. "ಆ ದೇಶಕ್ಕ ಮಂದೀನ ಕಳಿಸಿ ಕುಂತಾಕಿ ನಾನು. ನನಗ ಕಲಸ್ತೀರೇನು ಅವ್ವಾ ಮಗಳು ಕೂಡಿ?"

ಜನ ನಕ್ಕರು. ನೀನೂ ನಕ್ಕು ಮೊಬೈಲು ಒಳಗಿಟ್ಟೆ.

ಮಾಸ್ತರರ ಫಾರ್ಮಿನ ಝೆರಾಕ್ಸಿನಿಂದ ಇನ್ನೊಂದು ಝೆರಾಕ್ಸ್ ಹೊಡೆದೆ. ಒಂದು ವಿಷಯ ಆಗ ನನಗೆ ಗೊತ್ತಿರಲಿಲ್ಲ, ಈಗ ಗೊತ್ತು. ಅಂಥ ಫಾರ್ಮಿನ ಪ್ರತಿ ಪುಟದ ಕೆಳಗೆ, ಅಂಚಿನಲ್ಲಿ, ಸಾಸಿವೆಯಷ್ಟು ಅಕ್ಷರದಲ್ಲಿ ಆ ಫಾರ್ಮು ಯಾವ ತಿಂಗಳು, ಯಾವ ವರ್ಷದ್ದು ಎಂದು ಅಚ್ಚಾಗಿರುತ್ತದೆ. ನನ್ನ ಮಶೀನು ಕೆಳಗಿನ ಅಂಚನ್ನು ಸ್ವಲ್ಪ ಕತ್ತರಿಸುತ್ತದೆ. ಝೆರಾಕ್ಸಿನ ಝೆರಾಕ್ಸ್ ಆಗುವ ಹೊತ್ತಿಗೆ ಆ ಸಾಲೇ ಹೋಗಿತ್ತು. ನನ್ನ ಕೈಗೆ ಬಂದ ಫಾರ್ಮಿಗೆ ವಯಸ್ಸೇ ಇರಲಿಲ್ಲ. ಅದನ್ನು ನನ್ನ ಮುತ್ತಿನಂಥ ಅಕ್ಷರದಲ್ಲಿ ತುಂಬಿದೆ. ಆಗ ಆ ದೇಶದವರು ಅಂಚೆಯಲ್ಲಿ ಕಳಿಸಿದ ಅರ್ಜಿಯನ್ನೂ ತೆಗೆದುಕೊಳ್ಳುತ್ತಿದ್ದರು. ನಿಮ್ಮೂರಿಗೆ ಟಪಾಲು ಸರಿಯಾಗಿ ಮುಟ್ಟುವುದಿಲ್ಲ ಎಂದು ಉತ್ತರದ ವಿಳಾಸ ನನ್ನ ಅಂಗಡಿಯದೇ ಕೊಟ್ಟೆ. ಹೆರಿಗೆಗೆ ಇನ್ನೂ ಎರಡೂವರೆ ತಿಂಗಳಿತ್ತು.

ಐದು ವಾರಕ್ಕೆ ದಪ್ಪ ಲಕೋಟೆ ಬಂತು. ಒಡೆದೆ. ಪಾಸ್‌ಪೋರ್ಟು, ನಿನ್ನ ಕಾಗದಗಳು, ನನ್ನ ಅಕ್ಷರದ ಫಾರ್ಮು, ಮೇಲೊಂದು ಇಂಗ್ಲಿಷ್ ಪತ್ರ. ನಾಲ್ಕೇ ಸಾಲು. ಈ ಫಾರ್ಮು ಈಗ ಚಾಲ್ತಿಯಲ್ಲಿಲ್ಲ. ನಮ್ಮ ಅಧಿಕೃತ ವೆಬ್‌ಸೈಟಿನಲ್ಲಿರುವ ಈಗಿನ ಫಾರ್ಮು ತುಂಬಿ ಕಳಿಸಿರಿ. ಜೊತೆಗಿಟ್ಟ ದಾಖಲೆಗಳು ಸಾಕು, ಅವನ್ನೇ ಮತ್ತೆ ಲಗತ್ತಿಸಬಹುದು. ಹೆರಿಗೆಯ ಸಂದರ್ಭವಾದ್ದರಿಂದ ಹೊಸ ಅರ್ಜಿಯನ್ನು ಬೇಗ ನೋಡುತ್ತೇವೆ.

ಬೇಗ ನೋಡುತ್ತೇವೆ ಎಂದಿದ್ದರು, ಗಿರಿಜವ್ವ. ಇನ್ನೂ ಐದು ವಾರ ಇತ್ತು.

ಅದನ್ನು ನಾಲ್ಕು ಸಲ ಓದಿದೆ. ಸುಮ್ಮನೆ ಅವತ್ತೇ ಹೊಸ ಫಾರ್ಮು ತೆಗೆದು ತುಂಬಿ, ನಿನ್ನ ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸಿಬಿಟ್ಟಿದ್ದರೆ ನೀನು ಒಂದು ಮಾತು ಬೈಯುತ್ತಿದ್ದೆಯೋ ಇಲ್ಲವೋ. ಆದರೆ ಕಳಿಸುವುದಕ್ಕೆ ಮೊದಲು ಹೇಳಬೇಕಲ್ಲ. ನಿನ್ನ ಮಗಳು ಹೇಳಿದ್ದೇ ಖರೇ, ನಾನು ಕೇಳಲಿಲ್ಲ ಎಂದು. ಹ್ಯಾಗೆ ಹೇಳುವುದು ಎಂದು ಪತ್ರವನ್ನು ಮಡಚುವುದು, ಬಿಚ್ಚುವುದು ಮಾಡುತ್ತಿದ್ದಾಗಲೇ ನೀನು ಮೆಟ್ಟಿಲು ಹತ್ತಿದೆ. ಅವತ್ತು ನೀನು ಬರಬೇಕೆ! ಗಜೇಂದ್ರಗಡದ ಸಂತೆಯಿಂದ ಅಳ್ವಿ, ಅಂಟು, ಒಣಕೊಬ್ಬರಿ ಕೊಂಡು, ಬಾಣಂತಿಗೆ ಉಂಡಿ ಕಟ್ಟುವ ಸಾಮಾನನ್ನೆಲ್ಲ ಚೀಲದಲ್ಲಿ ತುಂಬಿಕೊಂಡು, ಊರಿಗೆ ಹೋಗುವ ದಾರಿಯಲ್ಲಿ ಇಳಿದಿದ್ದೆ. ಜೊತೆಗೆ ಯಲ್ಲವ್ವನೂ ಇದ್ದಳು. ಮಂಡಿಗೆ ಔಷಧ ತರಲು ಕರೆದುಕೊಂಡು ಹೋಗಿದ್ದೆ. ಅಂಗಡಿಯಲ್ಲಿ ಆರೇಳು ಮಂದಿ. ನನ್ನ ಕೈಯಲ್ಲಿದ್ದ ಲಕೋಟೆಯ ಪರದೇಶದ ಮುದ್ರೆ ನೋಡಿ ನಿನ್ನ ಮುಖ ಅರಳಿತು.

"ಬಂತೇನ್ರಿ ಅಕ್ಕಾರ?"

ಎಲ್ಲರೂ ನನ್ನ ಕಡೆ ತಿರುಗಿದರು. ಶಾಂತಕ್ಕ ಬರೆದ ಅರ್ಜಿ.

"ತಿರುಗಿ ಬಂದೈತಿ," ಎಂದೆ. ಅಲ್ಲಿಯವರೆಗೆ ಸತ್ಯ. ಆಮೇಲಿನ ಒಂದು ಉಸಿರಿನಲ್ಲಿ ನಾನು ಏನು ಬೇಕಾದರೂ ಆಗಬಹುದಿತ್ತು. ಪತ್ರದ ಮೇಲೆ ಬೆರಳಿಟ್ಟು, ಓದುವವಳಂತೆ ಸಾಲಿನ ಮೇಲೆ ಬೆರಳು ಸರಿಸುತ್ತ ಹೇಳಿದೆ: "ಕಾಗದ ನೀರಾಗ ತೊಯ್ದಾವು, ಹೆಸರು ಸರಿಯಾಗಿ ಕಾಣವಲ್ಲದು ಅಂತ ಬರದಾರ."

ನೀನು ಪತ್ರವನ್ನೇ ನೋಡುತ್ತಿದ್ದೆ. ನನ್ನ ಬೆರಳಿನ ಕೆಳಗಿದ್ದ ಸಾಲಿನಲ್ಲಿ ಏನಿತ್ತು ಗೊತ್ತೆ? ದಾಖಲೆಗಳು ಸಾಕು ಎಂಬ ಸಾಲು.

ನೀನು ಅಳಲಿಲ್ಲ. ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದೆ. ಆಮೇಲೆ ಕೇಳಿದೆ, ನನ್ನನ್ನೋ ನಿನ್ನನ್ನೋ ತಿಳಿಯದ ಹಾಗೆ: "ಹಂಗಾದ್ರ ಅವತ್ತ ಮೊದಲ ಟ್ರಂಕ ಹೊರಬೇಕಿತ್ತೇನ್ರಿ ಅಕ್ಕಾರ?"

ನಾನು ಇಲ್ಲ ಅನ್ನಲಿಲ್ಲ. ಬಾಗಿಲ ಬಳಿಯ ಬಾಕಿನ ಮೇಲೆ ಯಲ್ಲವ್ವ ಕೂತಿದ್ದಳು. ಅವಳಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ.

ಎರಡು ದಿನಕ್ಕೆ ರೇಣುಕಾ ನನಗೇ ಫೋನು ಮಾಡಿದಳು. "ಅಕ್ಕಾರ, ಆ ಪತ್ರದ ಒಂದು ಫೋಟೋ ಕಳಸ್ರಿ, ನಾ ಇಲ್ಲೆ ಕೇಳತೇನಿ. ಏನರ ಮಾಡ್ರಿ. ನನಗ ಭಾಳ ಅಂಜಿಕಿ ಆಗಾಕತ್ತೈತ್ರಿ." ದವಾಖಾನೆಯಲ್ಲಿ ಬೇರೆಯವರ ನೋವಿಗೆ ನಿಲ್ಲುವ ಹುಡುಗಿ, ತನ್ನ ಹೆರಿಗೆಗೆ ಹೆದರಿ ಬಿಕ್ಕುತ್ತಿದ್ದಳು. ಅಲ್ಲೊಂದು ಬಾಗಿಲು ತೆರೆದಿತ್ತು. ಆ ಪತ್ರದ ಫೋಟೋ ಕಳಿಸಿದ್ದರೆ ನನ್ನ ಮಾನ ಹೋಗುತ್ತಿತ್ತು, ನಿನ್ನ ಪ್ರಯಾಣ ಉಳಿಯುತ್ತಿತ್ತು. ಪತ್ರ ನನ್ನ ಕೈಯಲ್ಲೇ ಇತ್ತು. ಅದು ವಾಪಸ್ ಕಳಿಸುವ ಪತ್ರ, ನಾನು ತಿರುಗಿ ಅಂಚೆಗೆ ಹಾಕಿಬಿಟ್ಟೆ ಎಂದೆ. ಜನನ ಪತ್ರ ಹೊಸದಾಗಿ ಆಗಬೇಕು, ಮೂರು ತಿಂಗಳಾದರೂ ಬೇಕು, ಈಗ ಕಳಿಸಿ ಉಪಯೋಗವಿಲ್ಲ ಎಂದೆ. ಮೊದಲನೆಯದು ಗಾಬರಿಯಲ್ಲಿ ಬಂದ ಸುಳ್ಳು ಎಂದು ನನಗೆ ನಾನು ಹೇಳಿಕೊಂಡಿದ್ದೆ. ಇದು? ಇದನ್ನು ಎರಡು ದಿನ ಕೂತು ಜೋಡಿಸಿದ್ದೆ.

ನೀನು ಇಲ್ಲದೆ ಹೆರಿಗೆಯಾಯಿತು. ಕೂಸು ಬದುಕಿತು, ತಾಯಿಯೂ ಬದುಕಿದಳು. ಅದರ ಬಗ್ಗೆ ನನಗೆ ಹೆಚ್ಚು ಬರೆಯುವ ಹಕ್ಕಿಲ್ಲ. ಹೊಟ್ಟೆ ಕೊಯ್ದು ಕೂಸು ತೆಗೆದರು, ಅಳಿಯನಿಗೆ ಹೆಚ್ಚು ದಿನ ರಜೆ ಸಿಗಲಿಲ್ಲ, ನಿನ್ನ ಮಗಳು ಹಸಿಮೈಯಲ್ಲಿ ಒಬ್ಬಳೇ ಎದ್ದು ಕೂಸಿಗೆ ನೀರು ಕಾಸಿದಳು. ಎಷ್ಟೋ ದಿನ ಅವಳು ಯಾರ ಜೊತೆಗೂ ಮಾತಾಡದೆ ಗೋಡೆ ನೋಡುತ್ತ ಕೂರುತ್ತಿದ್ದಳು ಎಂದು ಅಳಿಯ ನಿನಗೆ ಹೇಳಿದ್ದನ್ನು ನೀನೇ ನನಗೆ ಹೇಳಿದೆ. ಕಡೆಗೊಮ್ಮೆ ಮಾತಾಡಿದಾಗ ಅವಳು ಅಂದದ್ದನ್ನೂ ಹೇಳಿದೆ: "ನಿನಗ ಒಂದ ಕಾಗದ ಜ್ವಾಕಿ ಮಾಡಾಕ ಆಗಲಿಲ್ಲೇನವ್ವಾ?"

ಅದನ್ನು ಹೇಳುವಾಗ ನೀನು ಇದೇ ಟೇಬಲ್ಲಿನ ಎದುರು ನಿಂತಿದ್ದೆ. ನಾನು ನಿನಗೆ ಚಹಾ ತರಿಸಿದೆ. ಎಂಥವಳು ನಾನು... ಚಹಾ ತರಿಸಿದೆ.

ಆಮೇಲೆ ಅವಳು ದೂರವಾದಳು. ಹದಿನೈದು ದಿನಕ್ಕೊಮ್ಮೆ ಫೋನು, ಆರಾಮ ಅದೀನಿ ಎಂಬ ಎರಡು ಮಾತು. ನಾಲ್ಕು ವರ್ಷವಾಯಿತು, ಊರಿಗೆ ಬಂದಿಲ್ಲ. ಮೊಮ್ಮಗಳಿಗೆ ನಿನ್ನಲ್ಲೇ ಉಳಿದ ಆ ಕೌದಿ ಈಗ ಗಿಡ್ಡವಾಗಿರಬೇಕು. ಮತ್ತೆ ಅರ್ಜಿ ಹಾಕೋಣವೇನ್ರಿ ಎಂದು ನೀನು ಎರಡು ಸಲ ಕೇಳಿದೆ. ಕಾಗದ ಹೊಸದಾಗಲಿ, ನೋಡೋಣ ಎಂದೆ. ಹೊಸ ಅರ್ಜಿ ಹಾಕಿದರೆ ಹಿಂದೆ ಯಾಕೆ ಮರಳಿತು ಎಂದು ಬರೆಯಬೇಕಾಗುತ್ತದೆ. ಅಲ್ಲಿ ನಾನು ಸಿಕ್ಕಿಬೀಳುತ್ತಿದ್ದೆ.

ಅಂಗಡಿಯಲ್ಲಿ ನನ್ನನ್ನು ನೋಡಿದವರಿಗೆ ನಾನು ಬದಲಾದದ್ದು ಗೊತ್ತು. ಗೋಡೆಯ ಫೈಲು ಇಲ್ಲ, ಒಲೆಗೆ ಹಾಕಿದೆ. ಯಾವ ಫಾರ್ಮು ಇರಲಿ, ಸರಕಾರದ ವೆಬ್‌ಸೈಟು ತೆಗೆದು, ಅದು ಸರಕಾರದ್ದೇ ಹೌದೋ ಅಥವಾ ಅದರಂತೆ ವೇಷ ಹಾಕಿಕೊಂಡ ದಲ್ಲಾಳಿಯದೋ ಎಂದು ವಿಳಾಸವನ್ನು ಅಕ್ಷರ ಅಕ್ಷರ ಓದುತ್ತೇನೆ. ಕೆಳಗಿನ ಅಂಚಿನ ತಿಂಗಳು-ವರ್ಷ ನೋಡುತ್ತೇನೆ. ತುಂಬಿದ ಮೇಲೆ ಮತ್ತೊಮ್ಮೆ ನೋಡುತ್ತೇನೆ, ನಡುವೆ ಬದಲಾಗಿದ್ದರೆ ಎಂಬ ಅಂಜಿಕೆಯಿಂದ. ಲಕೋಟೆ ಅಂಟಿಸಿದ ಮೇಲೂ ಒಂದೆರಡು ಸಲ ಹರಿದು ನೋಡಿದ್ದಿದೆ. "ಅಕ್ಕಾರಿಗೆ ವಯಸ್ಸಾತು" ಎಂದು ಜನ ಅನ್ನುತ್ತಾರೆ. ಜತನ ಹೆಚ್ಚಾಯಿತು ಎಂದು ಕೆಲವರು ಹೊಗಳುತ್ತಾರೆ. ಹೊಗಳಿದಾಗ ಕಿವಿ ಮುಚ್ಚಿಕೊಳ್ಳಬೇಕು ಅನಿಸುತ್ತದೆ. ಬೇರೆಯವರ ಫಾರ್ಮನ್ನು ಎಷ್ಟು ಸಲ ನೋಡಿದರೂ ನಿನ್ನದು ಸರಿಯಾಗುವುದಿಲ್ಲ.

ಹೀಗೇ ನಡೆದುಹೋಗುತ್ತಿತ್ತೋ ಏನೋ. ಆದರೆ ಹೋದ ವಾರ ನೀನು ಯಲ್ಲವ್ವನನ್ನು ಕರೆದುಕೊಂಡು ಬಂದೆ, ಅವಳ ವೃದ್ಧಾಪ್ಯ ವೇತನ ನಿಂತುಹೋಗಿದೆ ಎಂದು. ಅವಳನ್ನು ಬಾಕಿನ ಮೇಲೆ ಕೂರಿಸಿ ಆಧಾರ್ ಪ್ರತಿಗೆ ಸಹಿ ಮಾಡಿಸಲು ನೀನು ಎದುರಿನ ಕಚೇರಿಗೆ ಹೋದೆ. ನೀನು ರಸ್ತೆ ದಾಟುವವರೆಗೂ ಕಾದಿದ್ದು ಯಲ್ಲವ್ವ ನನ್ನನ್ನು ಕರೆದಳು.

"ಅಕ್ಕಾರ, ಒಂದ ಅರ್ಜಿ ಬರೀತೀರೇನ್ರಿ? ಆಕಿಗೆ ಹೇಳಬ್ಯಾಡ್ರಿ."

ಯಾರಿಗೆ ಎಂದು ಕೇಳಿದೆ.

"ರೇಣುಕಾ ಇರೋ ದೇಶದ ಸರಕಾರಕ್ಕ. ಕಾಗದ ತೋಯಿಸಿದ್ದು ಗಿರಿಜಾ ಅಲ್ಲ, ನಾನು ಅಂತ ಬರೀರಿ. ನನ್ನ ಹೊತಗೊಂಡ ಬಂದಳಂತನ ಟ್ರಂಕ ನೀರಾಗ ಉಳೀತು. ತಪ್ಪು ನಂದು. ಆಕಿದ ಏನೂ ಇಲ್ಲ. ನಾ ಹೆಬ್ಬಟ್ಟ ಒತ್ತತೇನಿ."

ಅವಳು ತಾನೇ ಕೈ ಚಾಚಿ ಇಂಕ್ ಪ್ಯಾಡು ಎಳೆದುಕೊಂಡಳು. ಎಷ್ಟು ಸಲ ಒತ್ತಿ ರೂಢಿಯೋ, ಹೆಬ್ಬೆರಳನ್ನು ಅತ್ತಿತ್ತ ಹೊರಳಿಸಿ, ನನ್ನ ಮುಂದಿದ್ದ ಖಾಲಿ ಹಾಳೆಯ ಕೆಳಗೆ, ಸಹಿ ಬೀಳುವ ಜಾಗದಲ್ಲಿ ಸರಿಯಾಗಿ ಒತ್ತಿದಳು. ಒಂದಿಷ್ಟೂ ಓರೆಯಾಗಿಲ್ಲ. "ಮ್ಯಾಲಿಂದ ನೀವ ಬರಕೋರಿ," ಎಂದಳು. "ನಾಕ ವರ್ಷಾತ್ರಿ, ಆಕಿ ನನಗ ಒಂದ ಮಾತ ಅಂದಿಲ್ಲ. ನೀರ ಕಾಸತಾಳ, ತಲಿ ಬಾಚತಾಳ. ಬೈದಿದ್ರ ಚಲೋ ಇತ್ತು. ಒಮ್ಮೊಮ್ಮೆ ಅನಸತೈತ್ರಿ, ಅವತ್ತ ನನ್ನ ಹೊಳಿ ಒಯ್ದಿದ್ರ..."

ನೀನು ರಸ್ತೆ ದಾಟಿ ಬರುತ್ತಿದ್ದೆ. ಅವಳು ಹೆಬ್ಬೆರಳನ್ನು ಸೀರೆಗೆ ಒರೆಸಿಕೊಂಡು ಬಾಗಿಲ ಕಡೆ ನೋಡುತ್ತ ಕೂತಳು. ನಾನು ಆಗಲೂ — ಆಗಲೂ, ಗಿರಿಜವ್ವ — ಹಾಳೆಯನ್ನು ಡ್ರಾವರಿಗೆ ತಳ್ಳಿ, ವೇತನದ ಫಾರ್ಮು ಮುಂದೆ ಎಳೆದುಕೊಂಡೆ.

ಒಂದು ವಾರದಿಂದ ನಿದ್ದೆ ಊಟ ಸರಿಯಿಲ್ಲ. ಇದನ್ನು ಕನಿಕರಕ್ಕೆಂದು ಬರೆಯುತ್ತಿಲ್ಲ. ಯಲ್ಲವ್ವನಿಗೆ ಎಂಬತ್ತು ದಾಟಿದೆ. ಇವತ್ತೋ ನಾಳೆಯೋ ಅವಳಿಗೆ ಏನಾದರೂ ಆಗಿಬಿಟ್ಟರೆ ಎಂಬ ಅಂಜಿಕೆಗೆ ನಿಮ್ಮೂರ ಬಸ್ಸಿನಿಂದ ಇಳಿದವರನ್ನೆಲ್ಲ ಕರೆದು ಏನೇನೋ ನೆಪ ಮಾಡಿ, "ಯಲ್ಲವ್ವ ಆರಾಮ ಅದಾಳೇನು?" ಎಂದು ಕೇಳುತ್ತೇನೆ. ನೀನು ಮಾಡಿದ ಒಳ್ಳೆಯ ಕೆಲಸವನ್ನು ನಾನು ತಪ್ಪು ಮಾಡಿಟ್ಟೆ. ಅತ್ತೆಯನ್ನು ಬೆನ್ನ ಮೇಲೆ ಹೊತ್ತು ತಂದವಳಿಗೆ, ಯಾಕೆ ಹೊತ್ತೆನೋ ಎಂಬ ಯೋಚನೆ ಒಂದು ಕ್ಷಣವಾದರೂ ಬರುವಂತೆ ಮಾಡಿದೆ. ಬದುಕಿ ಬಂದ ಮುದುಕಿಗೆ ಬದುಕಿದ್ದೇ ತಪ್ಪು ಅನಿಸುವಂತೆ ಮಾಡಿದೆ. ಫಾರ್ಮು ಹಳೆಯದಾದದ್ದು ನನ್ನ ಅಜ್ಞಾನ ಇರಬಹುದು. ಇದು ಅಲ್ಲ.

ನಾಳೆ ಬೆಳಗಿನ ಬಸ್ಸಿಗೆ ಹೊಳೆಮಣ್ಣೂರಿಗೆ ಬರುತ್ತೇನೆ. ಚೀಲದಲ್ಲಿ ಆ ಇಂಗ್ಲಿಷ್ ಪತ್ರ ಇರುತ್ತದೆ. ತಿರುಗಿ ಹಾಕಿದೆ ಎಂದಿದ್ದೆನಲ್ಲ, ಚಾಕಲೇಟಿನ ಡಬ್ಬಿಯ ಕೆಳಗೆ ಮಡಚಿ ಇಟ್ಟಿದ್ದೆ. ಹಳೆಯ ಫಾರ್ಮೂ ಇರುತ್ತದೆ. ಯಲ್ಲವ್ವನ ಹೆಬ್ಬೆಟ್ಟಿನ ಹಾಳೆ ಇರುತ್ತದೆ, ಮೇಲೆ ಏನೂ ಬರೆಯದೆ; ಅದನ್ನು ಅವಳ ಎದುರಿಗೇ ಹರಿಯಬೇಕು. ಇವತ್ತು ಮುಂಜಾನೆ ತೆಗೆದ ಹೊಸ ಫಾರ್ಮೂ ಇರುತ್ತದೆ, ಅಂಚಿನ ತಿಂಗಳು ನೋಡಿದ್ದೇನೆ, ಮೂರು ಸಲ. ಅದನ್ನು ನನ್ನ ಕೈಯಿಂದ ತುಂಬಿಸಬೇಕೆಂದಿಲ್ಲ. ಬೇಡವೆಂದರೆ ಮೆಟ್ಟಿಲ ಮೇಲೆ ಇಟ್ಟು ಬರುತ್ತೇನೆ. ರೇಣುಕಾಳಿಗೆ ನಿನ್ನ ಎದುರಿಗೇ ಫೋನು ಹಚ್ಚಿ ನಾನೇ ಹೇಳುತ್ತೇನೆ. ಅವಳು ಏನಂದರೂ ಕೇಳಿಸಿಕೊಳ್ಳುತ್ತೇನೆ. ಆಮೇಲೆ ರೋಣಕ್ಕೆ ಬಂದು, ಅವತ್ತು ಅಂಗಡಿಯಲ್ಲಿದ್ದವರ ಹೆಸರು ನೆನಪಿದ್ದಷ್ಟೂ ಹುಡುಕಿ ಹೇಳುತ್ತೇನೆ.

ನೀನು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತೇ ಓದುತ್ತೇನೆ. ಯಾಕೆಂದರೆ ಇದನ್ನು ಓದಿ ಹೇಳಬೇಕಾದವಳು ನಾನೇ, ಬೇರೆ ಯಾರೂ ಅಲ್ಲ. ನಿನ್ನ ಪತ್ರವನ್ನು ಅವತ್ತು ಓದಿದ ಬಾಯಿ ಇದೇ. ಮೊದಲು ಆ ಇಂಗ್ಲಿಷ್ ಪತ್ರದ ನಾಲ್ಕು ಸಾಲು, ಆಮೇಲೆ ಇದು. ಅವತ್ತಿನ ಹಾಗೆಯೇ ಸಾಲಿನ ಕೆಳಗೆ ಬೆರಳಿಟ್ಟು ಓದುತ್ತೇನೆ, ಗಿರಿಜವ್ವ. ಈ ಸಲ ಬೆರಳಿನ ಕೆಳಗೆ ಇದ್ದದ್ದನ್ನೇ ಓದುತ್ತೇನೆ.